ಹೆಬ್ಬೆರಳಿಗೆ ಬಗ್ಗದ ಚೆಂಡು

ಇಂಥವು ನನಗೇ ಯಾಕೆ ಆಗುತ್ತವೆ ಎಂದು ಕೇಳಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಆಗುತ್ತವೆ, ಅಷ್ಟೆ. ಒಂದರ ಕೆಸರು ಬೂಟಿನ ಮೇಲೆ ಒಣಗುವುದರೊಳಗೆ ಇನ್ನೊಂದು ಆಗುತ್ತದೆ. ನಾನು ಮೂಡಿಗೆರೆ ತಾಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಆಟ ಆಡಿದವನಲ್ಲ, ಆಡಿಸುವ ಆಸೆ ಇದ್ದವನೂ ಅಲ್ಲ. ಆದರೂ ಹೋದ ವರ್ಷದ ಅರ್ಧ ಭಾಗ ಒಂದು ಚೆಂಡು ಎಷ್ಟು ಗಟ್ಟಿ ಇರಬೇಕು ಎಂಬ ಒಂದೇ ವಿಷಯದಲ್ಲಿ ಕಳೆದುಹೋಯಿತು. ಅದರಿಂದ ಕಲಿತದ್ದು ಇಷ್ಟು: ನಮ್ಮ ಕಡೆ ಸಿಗುವ ಗಟ್ಟಿ ವಸ್ತುಗಳಲ್ಲಿ ಚೆಂಡಿಗೆ ನಾಲ್ಕನೆಯದೋ ಐದನೆಯದೋ ಸ್ಥಾನ.

ಎಷ್ಟಕ್ಕೆ ಎಷ್ಟು

ದೈಹಿಕ ಶಿಕ್ಷಕರಿಗೆ ವರ್ಗವಾಯಿತು. ಹುಡುಗಿಯರ ಸಾಫ್ಟ್‌ಬಾಲ್ ತಂಡ ಉಳಿಯಿತು. ಪ್ರಾಂಶುಪಾಲರು ನನ್ನನ್ನು ಕರೆದರು.

"ಚೆಂಡು, ವೇಗ, ಬಲ. ಎಲ್ಲ ನಿಮ್ಮ ಸಬ್ಜೆಕ್ಟೇ ಅಲ್ವಾ ಮಾರಾಯ್ರೆ? ನೀವೇ ನೋಡ್ಕೊಳ್ಳಿ."

ಹಾಗೆ ನೋಡಿದರೆ ಕಟ್ಟಡ ಕುಸಿಯುವುದೂ ನನ್ನ ಸಬ್ಜೆಕ್ಟೇ. ಅದನ್ನು ಹೇಳಲಿಲ್ಲ. ಹೇಳಿದ್ದರೆ ಕಟ್ಟಡ ಸಮಿತಿಗೂ ಹಾಕುತ್ತಿದ್ದರು.

ಒಂದು ಡಜನ್ ಹೊಸ ಚೆಂಡು ಬಂದಿದ್ದವು. ಪ್ರತಿಯೊಂದರ ಮೇಲೂ ಎರಡು ಅಂಕಿ. ಒಂದು, ಬಡಿದರೆ ಚೆಂಡು ಎಷ್ಟು ಪುಟಿಯುತ್ತದೆ ಎಂಬುದು. ಇನ್ನೊಂದು, ಅದನ್ನು ಕಾಲು ಇಂಚು ಅದುಮಲು ಎಷ್ಟು ಭಾರ ಹೇರಬೇಕು ಎಂಬುದು. ಈ ಎರಡನೆಯದು ಮುನ್ನೂರ ಎಪ್ಪತ್ತೈದು ಪೌಂಡು ಇತ್ತು, ಅಂದರೆ ಮೂರು ಮೂಟೆ ಕಾಫಿಗಿಂತ ಹೆಚ್ಚು. ಸ್ಟೋರಿನ ಹಳೆಯ ಚೆಂಡುಗಳನ್ನು ಹೆಬ್ಬೆರಳಿನಿಂದ ಒತ್ತಿದರೆ ತುಸು ಬಗ್ಗುತ್ತಿದ್ದವು. ಇವನ್ನು ಒತ್ತಿದರೆ ಹೆಬ್ಬೆರಳು ಬಗ್ಗುತ್ತಿತ್ತು.

ಪ್ರಾಂಶುಪಾಲರು ಕನ್ನಡಕ ಏರಿಸಿ ಓದಿದರು. "ಚೆಂಡಿಗೂ ಮಾರ್ಕ್ಸ್ ಕೊಡ್ತಾರಾ?"

ಮಾರ್ಕ್ಸ್ ಅಲ್ಲ, ಗಟ್ಟಿತನ ಎಂದೆ. ಮರದ ಬ್ಯಾಟಾದರೆ ಗಟ್ಟಿ ಚೆಂಡಿಗೂ ಮೆತ್ತನೆಯದಕ್ಕೂ ಅಂಥ ವ್ಯತ್ಯಾಸವಿಲ್ಲ. ಒಳಗೆ ಟೊಳ್ಳಿರುವ ಹೊಸ ಬ್ಯಾಟುಗಳ ಗೋಡೆ ಗಟ್ಟಿ ಚೆಂಡಿಗೆ ಒಳಕ್ಕೆ ಬಗ್ಗಿ ಸ್ಪ್ರಿಂಗಿನಂತೆ ಹೊರಕ್ಕೆ ನೂಕುತ್ತದೆ. ಆಗ ಚೆಂಡು ಬಂದದ್ದಕ್ಕಿಂತ ಜೋರಾಗಿ ವಾಪಸು ಹೋಗುತ್ತದೆ. ಎಸೆದ ಹುಡುಗಿ ಹದಿಮೂರು ಮೀಟರ್ ದೂರದಲ್ಲಿ ಬರಿಮುಖದಲ್ಲಿ ನಿಂತಿರುತ್ತಾಳೆ. ಆದ್ದರಿಂದ ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು, ಇವನ್ನು ವಾಪಸು ಕಳಿಸಿ ಮೆತ್ತನೆಯದು ತರಿಸೋಣ ಎಂದೆ.

ಅವರು ಪೂರ್ತಿ ಕೇಳಿದರು. ಅವರ ಒಳ್ಳೆಯ ಗುಣ ಅದು, ಪೂರ್ತಿ ಕೇಳುತ್ತಾರೆ.

"ಕಡಿಮೆ ಮಾರ್ಕ್ಸ್ ಬಂದಿದ್ದನ್ನ ಕೇಳಿ ತರಿಸೋದಾ?" ಎಂದರು. "ಪೋಷಕರಿಗೆ ಗೊತ್ತಾದ್ರೆ ಏನಂತಾರೆ ಮಾರಾಯ್ರೆ."

ಪೋಷಕರ ಸಭೆ

ಪೋಷಕರಿಗೆ ಗೊತ್ತಾಯಿತು. ನಮ್ಮ ತಂಡದಲ್ಲಿ ಚೆಂಡು ಎಸೆಯುವವಳು ದ್ವಿತೀಯ ವರ್ಷದ ಹುಡುಗಿ. ಪಾಠದಲ್ಲಿ ಸುಮಾರು, ಎಸೆತದಲ್ಲಿ ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ. ಜಿಲ್ಲಾ ಪಂದ್ಯದಲ್ಲಿ ಆಡಿ ವಿಭಾಗದ ತಂಡಕ್ಕೆ ಆಯ್ಕೆಯಾಗಬೇಕೆಂಬುದು ಅವಳ ಒಂದೇ ಆಸೆ. ಅವಳಪ್ಪ ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಹಿಡಿಯುವುದು, ಕುಯ್ಲು ನೋಡಿಕೊಳ್ಳುವುದು, ಕಾಫಿ ಒಣಗಿದೆಯೋ ಇಲ್ಲವೋ ತೀರ್ಮಾನಿಸುವುದು ಅವರ ಕೆಲಸ.

ಒಂದು ದಿನ ನೇರ ಸ್ಟಾಫ್ ರೂಮಿಗೆ ಬಂದರು.

"ಸಾರ್, ಇವಳ ಅಮ್ಮಂಗೆ ಮಾತು ಕೊಟ್ಟು ಕಳಿಸ್ತಿದ್ದೀನಿ. ಮುಖಕ್ಕೆ ಒಂದೇ ಒಂದು ಏಟು ಬಿದ್ರೂ ಅವತ್ತಿಗೆ ಆಟ ಬಂದ್. ಚೆಂಡು ಎಂಥದು, ನೋಡ್ಬೇಕು."

ಕೊಟ್ಟೆ. ಹೆಬ್ಬೆರಳಿನಿಂದ ಒತ್ತಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಆಮೇಲೆ, ನಾನು ಕೈ ಚಾಚುವುದರೊಳಗೆ, ಬಾಯಗಲಿಸಿ ಕಚ್ಚಿದರು. ಕಣದಲ್ಲಿ ಹರಡಿದ ಕಾಫಿ ಬೀಜವನ್ನು ಇಪ್ಪತ್ತು ವರ್ಷದಿಂದ ಹೀಗೇ ಕಚ್ಚಿ ನೋಡುತ್ತಿರುವ ಮನುಷ್ಯ. ಬೀಜಕ್ಕೂ ಚೆಂಡಿಗೂ ಗಾತ್ರದಲ್ಲಿ ವ್ಯತ್ಯಾಸವಿದೆ, ಅವರ ವಿಧಾನದಲ್ಲಿ ಇರಲಿಲ್ಲ.

ದವಡೆ ಉಜ್ಜಿಕೊಂಡು ಹೇಳಿದರು, "ಒಣಗಿದ್ದು ಜಾಸ್ತಿಯಾಗಿದೆ ಸಾರ್. ಇದು ನಮ್ಮ ಕಣದಲ್ಲಾಗಿದ್ರೆ ಮೇಸ್ತ್ರಿಗೆ ಬೈತಿದ್ದೆ."

ಸಂಜೆ ಪ್ರಾಂಶುಪಾಲರು ಆ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಚರ್ಮದ ಮೇಲೆ ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ಸ್ಪಷ್ಟವಾಗಿದ್ದವು.

"ಏನ್ರೀ ಇದು, ನಾಯಿ ಕಚ್ಚಿತಾ?"

"ಇಲ್ಲ ಸಾರ್. ಪೋಷಕರು."

ನೆನೆಹಾಕಿದ್ದು

ಅಭ್ಯಾಸ ಮುಗಿದ ಮೇಲೆ ಕೆಸರಾದ ಚೆಂಡುಗಳನ್ನು ಒರೆಸಿ ತರಲು ಹುಡುಗಿ ಮನೆಗೆ ಒಯ್ಯುತ್ತಿದ್ದಳು. ಒಂದು ಶನಿವಾರ ಆರು ಚೆಂಡು ಒಯ್ದಳು. ಸೋಮವಾರ ಅವಳ ಜೊತೆ ರೈಟರೂ ಬಂದರು, ಗೋಣಿಚೀಲ ಹೊತ್ತುಕೊಂಡು. ಚೀಲ ಬಿಚ್ಚುವ ಮೊದಲೇ ವಾಸನೆ ಬಂತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಪಕ್ಕ ಹಾದುಹೋದವರಿಗೆ ಆ ಹುಳಿ ವಾಸನೆ ಗೊತ್ತು.

"ನೆನೆಹಾಕಿದ್ದೆ ಸಾರ್," ಎಂದರು. "ಒಂದು ರಾತ್ರಿ ಪೂರ್ತಿ ತೊಟ್ಟಿಯಲ್ಲಿ. ಮೂರು ನೀರಲ್ಲಿ ತೊಳೆದು ಕಣಕ್ಕೆ ಹಾಕಿದ್ವಿ. ಎರಡು ಗಂಟೆಗೊಂದ್ಸಲ ಕೈಯಾಡಿಸಿದ್ದೀವಿ. ನೋಡಿ ಬೇಕಾದ್ರೆ, ಒಂದೂ ಮುಗ್ಗಲು ಹಿಡಿದಿಲ್ಲ."

ಹಿಡಿದಿರಲಿಲ್ಲ, ನಿಜ. ಚೆಂಡಿನ ಒಳಗಿನ ತಿರುಳು ಪ್ಲಾಸ್ಟಿಕ್ಕಿನದು, ನೀರು ಅದಕ್ಕೆ ಇಳಿಯುವುದಿಲ್ಲ. ಇಳಿದದ್ದು ಮೇಲಿನ ಚರ್ಮಕ್ಕೆ. ನೆಂದ ಚರ್ಮವನ್ನು ಕಾಫಿ ಕಣದ ಬಿಸಿಲಿಗೆ ಹರಡಿದರೆ ಏನಾಗುತ್ತದೆ ಎಂದು ಚಪ್ಪಲಿ ಹೊಲಿಯುವವರನ್ನು ಕೇಳಿದ್ದರೆ ಸಾಕಿತ್ತು. ಆರೂ ಚೆಂಡು ಬಿಗಿದುಕೊಂಡು ಮೊದಲಿಗಿಂತ ಗಟ್ಟಿಯಾಗಿದ್ದವು.

ಪರೀಕ್ಷಿಸಲು ಒಂದನ್ನು ಎಸೆಸಿದೆ. ನಮ್ಮಲ್ಲಿದ್ದ ಒಂದೇ ಮರದ ಬ್ಯಾಟು ಕುತ್ತಿಗೆಯಲ್ಲಿ ಮುರಿಯಿತು. ಉಳಿದದ್ದು ಅಲ್ಯೂಮಿನಿಯಂನದು, ಮೈತುಂಬ ತಗ್ಗು ಬಿದ್ದದ್ದು, ಬ್ಯಾಟಿಗಿಂತ ಹೆಚ್ಚಾಗಿ ಹಳೆಯ ಚೊಂಬಿನಂತೆ ಕಾಣುತ್ತಿತ್ತು.

ನೀರಿಗೂ ತಿರುಳಿಗೂ ಸಂಬಂಧವಿಲ್ಲ ಎಂದು ರೈಟರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದೆ. ತಲೆಯಾಡಿಸುತ್ತ ಕೇಳಿದರು. ಪಶ್ಚಾತ್ತಾಪ ಮುಖದ ಮೇಲೆ ಕಾಣುತ್ತಿತ್ತು.

"ತಪ್ಪಾಯ್ತು ಸಾರ್," ಎಂದರು. "ಮೊದಲು ಪಲ್ಪರಿಗೆ ಹಾಕಿ ಸಿಪ್ಪೆ ತೆಗೀಬೇಕಿತ್ತು."

ದಾನ

ಬ್ಯಾಟು ಮುರಿದ ಸುದ್ದಿ ರೈಟರ ಧಣಿಗಳಿಗೆ, ಎಂದರೆ ಎಸ್ಟೇಟಿನ ಮಾಲೀಕರಿಗೆ, ಮುಟ್ಟಿತು. ಅವರು ಉದಾರಿಗಳು. ಉದಾರಿಗಳಿಂದ ಆಗುವ ತೊಂದರೆ ಜಿಪುಣರಿಂದ ಆಗುವುದಿಲ್ಲ. ಒಂದು ಹೊಸ ಬ್ಯಾಟು ತರಿಸಿದರು, ಇಂಗಾಲದ ನಾರು ಸೇರಿಸಿ ಮಾಡಿದ್ದು, ಟೊಳ್ಳು, ಹಗುರ, ನೋಡಲು ಚೆಂದ. ಹಿಡಿಕೆಯ ಹತ್ತಿರ ಸಣ್ಣ ಅಕ್ಷರದಲ್ಲಿ ಎರಡು ಎಚ್ಚರಿಕೆ ಇದ್ದವು. ಗಟ್ಟಿ ಚೆಂಡಿಗೆ ಬಳಸಬೇಡಿ. ಚಳಿಯಲ್ಲಿ ಬಳಸಬೇಡಿ. ಚಳಿಗೆ ಚೆಂಡು ಇನ್ನೂ ಗಟ್ಟಿಯಾಗುತ್ತದೆ, ಅದಕ್ಕೆ.

ಉದ್ಘಾಟನೆ ಡಿಸೆಂಬರಿನ ಬೆಳಿಗ್ಗೆ ಎಂಟಕ್ಕೆ. ಮೈದಾನದ ಆ ತುದಿ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಧಣಿಗಳು ಸ್ವೆಟರಿನ ಮೇಲೆ ಕೋಟು ಹಾಕಿದ್ದರು. ಬ್ಯಾಟಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲ ಹೊಡೆತಕ್ಕೆ ತಾವೇ ನಿಂತರು.

"ಇದರ ಮೇಲೆ ಬರೆದಿದ್ದಾರೆ," ಎಂದೆ, "ಚಳಿಯಲ್ಲಿ ಬಳಸಬಾರದು ಅಂತ."

"ಮೇಷ್ಟ್ರೇ, ನನ್ನ ಜೀಪಿನ ಮೇಲೂ ಏಳು ಜನ ಅಂತ ಬರೆದಿದ್ದಾರೆ."

ಆ ಜೀಪಿನಿಂದ ಅಂದು ಹದಿನಾಲ್ಕು ಜನ ಇಳಿದಿದ್ದರು, ಕಾಯಿ ಒಡೆಯುವವರೂ ಸೇರಿ.

ಹುಡುಗಿ ಹೊಸ ಚೆಂಡೊಂದನ್ನು ಮೆಲ್ಲಗೆ ಎಸೆದಳು. ಧಣಿಗಳು ಬೀಸಿದರು. ಒಣ ಕೊಂಬೆ ಮುರಿದ ಶಬ್ದ. ಬ್ಯಾಟಿನ ಮೈಮೇಲೆ ಕೂದಲೆಳೆಯಷ್ಟು ಬಿರುಕು. "ಶಬ್ದ ಚೆನ್ನಾಗಿದೆ," ಎಂದು ಅವರು ಬ್ಯಾಟನ್ನು ನಮ್ಮ ಹುಡುಗಿಯೊಬ್ಬಳಿಗೆ ಕೊಟ್ಟರು.

ಇಂಥ ಬ್ಯಾಟಿನದೊಂದು ವಿಚಿತ್ರವಿದೆ. ಬಿರುಕು ಬಿಟ್ಟಾಗ ಕೆಡುವುದಿಲ್ಲ. ಪೂರ್ತಿ ಒಡೆಯುವ ತನಕ ಗೋಡೆ ಸಡಿಲಾಗಿ ಇನ್ನಷ್ಟು ಚಿಮ್ಮಿಸುತ್ತದೆ. ಎರಡನೆಯ ಹೊಡೆತದ ಚೆಂಡು ಎಸೆದ ಹುಡುಗಿಯ ಕಿವಿಯ ಪಕ್ಕದಲ್ಲಿ ಹಾದು, ಗಡಿಗೆರೆಯ ಆಚೆ ನಿಂತಿದ್ದ ಜೀಪಿನ ಬಾಗಿಲಿಗೆ ಬಡಿಯಿತು. ಹುಡುಗಿ ಕಿವಿ ಮುಟ್ಟಿ ನೋಡಿಕೊಂಡಳು. ರೈಟರು ಬಾಯಿ ತೆರೆದರು, ಧಣಿಗಳ ಮುಖ ನೋಡಿದರು, ಮುಚ್ಚಿದರು. ಧಣಿಗಳು ಬಾಗಿಲಿನ ತಗ್ಗಿನಲ್ಲಿ ಅಂಗೈ ಇಟ್ಟು ಅಳೆದರು. ಅವರ ಮುಖದಲ್ಲಿ ಸಂತೋಷವಿತ್ತು.

ಮರುದಿನ ವಿನಯದ ಒಂದು ಪತ್ರ ಬರೆದು, ಕಾರಣ ವಿವರಿಸಿ ಬ್ಯಾಟನ್ನು ವಾಪಸು ಕಳಿಸಿದೆ. ಅವರು ಅದನ್ನು ಆ ವಾರವೇ ಚಿಕ್ಕಮಗಳೂರಿನ ಇನ್ನೊಂದು ಕಾಲೇಜಿಗೆ ದಾನ ಮಾಡಿದರು. ಪತ್ರ ಓದಿ ರೈಟರಿಗೆ ಹೇಳಿದರಂತೆ, "ಆ ಮೇಷ್ಟ್ರಿಗೆ ಓದಿದ್ದು ಜಾಸ್ತಿಯಾಗಿದೆ ಕಣೋ. ಸ್ಟಿಕ್ಕರೂ ಓದ್ತಾರೆ."

ಕುಂಬಳಕಾಯಿ

ಅಂದಿನಿಂದ ಅಭ್ಯಾಸಕ್ಕೆ ಹಳೆಯ ಮೆತ್ತನೆಯ ಚೆಂಡು, ಚೊಂಬಿನ ಬ್ಯಾಟು, ಬಿಸಿಲೇರಿದ ಮೇಲಿನ ಹೊತ್ತು. ಆದರೆ ಜಿಲ್ಲಾ ಪಂದ್ಯದಲ್ಲಿ ಯಾವ ಚೆಂಡು ಕೊಡುತ್ತಾರೋ ಗೊತ್ತಿಲ್ಲ. ಎಸೆಯುವ ಹುಡುಗಿಗೆ ಕಬ್ಬಿಣದ ಸರಳಿನ ಮುಖವಾಡ ಬೇಕಿತ್ತು. ಕಾಲೇಜಿನಲ್ಲಿದ್ದದ್ದು ಒಂದೇ, ಅದು ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಹುಡುಗಿಯ ಮುಖದ ಮೇಲಿತ್ತು. ಇನ್ನೊಂದು ಕೇಳಿ ಬರೆದ ಅರ್ಜಿ ಪ್ರಾಂಶುಪಾಲರ ಮೇಜಿನ ಮೇಲೆ ಪೇಪರ್ ವೇಟಿನ ಕೆಳಗಿತ್ತು. ಪೇಪರ್ ವೇಟಾಗಿದ್ದದ್ದು ಹಲ್ಲಿನ ಗುರುತಿನ ಚೆಂಡು.

ರೈಟರು ತೋಟದಿಂದ ಒಂದು ಮುಖವಾಡ ತಂದರು. ಕಳೆ ಕೊಚ್ಚುವ ಯಂತ್ರ ಹಿಡಿಯುವವರು ಮುಖಕ್ಕೆ ಕಲ್ಲು ಸಿಡಿಯದಿರಲೆಂದು ಹಾಕುವ ತಂತಿಬಲೆಯದು.

"ಇದು ತಡೆಯೋಲ್ಲ," ಎಂದೆ.

"ಕಲ್ಲನ್ನೇ ತಡೀತದೆ ಸಾರ್."

ವಾದ ಮಾಡಿ ಪ್ರಯೋಜನವಿಲ್ಲ. ವಿಜ್ಞಾನ ಪ್ರಯೋಗದಿಂದ ಬೆಳೆಯುತ್ತದೆ ಎಂದು ಪ್ರತಿ ಜೂನ್‌ನಲ್ಲಿ ಮಕ್ಕಳಿಗೆ ಹೇಳುತ್ತೇನೆ. ಕ್ಯಾಂಟೀನಿನಿಂದ ಒಂದು ಸಿಹಿಗುಂಬಳಕಾಯಿ ತರಿಸಿ ಬೇಲಿಯ ಗೂಟದ ಮೇಲಿಟ್ಟೆ. ಮುಖವಾಡ ತೊಡಿಸಿದೆ. ಹುಡುಗಿ ಹದಿಮೂರು ಮೀಟರಿನಿಂದ ಹೊಸ ಚೆಂಡು ಎಸೆದಳು. ಮೊದಲ ಎಸೆತವೇ ನಡುಮೂಗಿಗೆ, ಕುಂಬಳಕಾಯಿಗೆ ಮೂಗಿದ್ದಿದ್ದರೆ. ಬಲೆ ಒಳಕ್ಕೆ ಹೋಯಿತು. ಕಾಯಿ ಮೂರು ಹೋಳಾಯಿತು.

ರೈಟರು ಒಂದು ಹೋಳು ಎತ್ತಿ ಉಗುರಿನಿಂದ ಚುಚ್ಚಿ ನೋಡಿದರು.

"ಎಳೇ ಕಾಯಿ ಸಾರ್. ಬಲಿತಿರಲಿಲ್ಲ."

"ನಿಮ್ಮ ಮಗಳಿಗೆ ಹದಿನೇಳು," ಎಂದೆ.

ಹುಡುಗಿ ನಡುವೆ ಬಂದಳು. "ಇನ್ನೊಂದು ಕಾಯಿ ಇಡಿ ಸಾರ್. ಅಪ್ಪನ ಬೈಕಿನ ಹೆಲ್ಮೆಟ್ ಹಾಕಿ ನೋಡೋಣ."

ರೈಟರು ಕೈಯಲ್ಲಿದ್ದ ಹೆಲ್ಮೆಟ್ಟನ್ನು ಬೆನ್ನ ಹಿಂದೆ ಸರಿಸಿದರು.

ಹದಿನೈದು

ಜಿಲ್ಲಾ ಪಂದ್ಯ ಚಿಕ್ಕಮಗಳೂರಿನಲ್ಲಿ. ಕುಯ್ಲಿನ ಸಮಯದಲ್ಲಿ ರೈಟರಿಗೆ ರಜೆ ಸಿಗುವುದು ಸಾಮಾನ್ಯವಲ್ಲ, ಆದರೂ ತಗೊಂಡು ಬಂದಿದ್ದರು, ಒಂದು ಗೊನೆ ಬಾಳೆಹಣ್ಣಿನ ಸಮೇತ. ಸಾಫ್ಟ್‌ಬಾಲ್ ಪಂದ್ಯ ಅವರು ನೋಡುತ್ತಿರುವುದು ಅದೇ ಮೊದಲು. ಅದುವರೆಗೆ ಚೆಂಡನ್ನು ಮಾತ್ರ ನೋಡಿದ್ದರು.

ಬೆಳಿಗ್ಗೆ ಚಳಿ. ಸಂಘಟಕರು ಕೊಟ್ಟ ಚೆಂಡು ಹೊಸದು, ಅದೇ ಮುನ್ನೂರ ಎಪ್ಪತ್ತೈದು. ನಮ್ಮ ಎದುರಾಳಿ ಯಾರು ಎಂದು ನೋಡಿದರೆ ಧಣಿಗಳ ಬ್ಯಾಟು ದಾನ ಪಡೆದ ಕಾಲೇಜು. ತಂಡದ ಒಂಬತ್ತೂ ಹುಡುಗಿಯರು ಆ ಒಂದೇ ಬ್ಯಾಟನ್ನು ಹಂಚಿಕೊಂಡು ಆಡುತ್ತಿದ್ದರು. ನಮಗಿಂತ ಮೊದಲು ಅವರ ಜೊತೆ ಆಡಿದ ತಂಡದ ಪಿಚರಿಗೆ, ಎಂದರೆ ಎಸೆಯುವವಳಿಗೆ, ಮೊಣಕಾಲ ಕೆಳಗೆ ಚೆಂಡು ಬಡಿಯಿತು. ಸೋಡಾ ಅಂಗಡಿಯ ಐಸು ಕಟ್ಟಿಕೊಂಡು ಇಬ್ಬರ ಹೆಗಲ ಮೇಲೆ ಹೊರಗೆ ಹೋದಳು.

ರೈಟರು ನನ್ನ ಕಡೆ ತಿರುಗಿದರು. "ಸಾರ್, ಅದು ಕಾಲು. ಎರಡೂವರೆ ಮೊಳ ಮೇಲೆ ಬಂದಿದ್ರೆ?"

ನಾನು ಅಂಪೈರ್ ಹತ್ತಿರ ಹೋದೆ. ಆ ಬ್ಯಾಟಿಗೆ ಬಿರುಕಿದೆ, ಆ ಬ್ಯಾಟನ್ನು ಈ ಚೆಂಡಿಗೆ ಬಳಸಬಾರದೆಂದು ಅದರ ಮೇಲೇ ಬರೆದಿದೆ ಎಂದೆ.

"ಬ್ಯಾಟಿನ ಮೇಲೆ ಯಾರೋ ಬರೀತಾರೆ ಸಾರ್. ನನಗೆ ರೂಲ್ ಬುಕ್ ಮುಖ್ಯ," ಎಂದು ಜೇಬಿನಿಂದ ಪುಸ್ತಕ ತೆಗೆದು ತೋರಿಸಿದರು. ಅದು ಥ್ರೋಬಾಲಿನದು. ಹೇಳಿದೆ. "ಬಾಲ್ ಬಾಲೇ ಅಲ್ವಾ ಸಾರ್," ಎಂದರು.

ಹುಡುಗಿಯನ್ನು ಪಕ್ಕಕ್ಕೆ ಕರೆದೆ. ಈ ಆಟದಲ್ಲಿ ಒಂದು ನಿಯಮವಿದೆ. ಹೊಡೆಯಲು ಸಿಗದಷ್ಟು ಆಚೆ ನಾಲ್ಕು ಚೆಂಡು ಎಸೆದರೆ, ಬ್ಯಾಟು ಹಿಡಿದವಳು ಅದನ್ನು ಕೆಳಗಿಟ್ಟು ಮೊದಲನೇ ಮೂಲೆಗೆ ನಡೆದು ಹೋಗಬಹುದು. ಮುಂದಿನವಳಿಗೂ ಹಾಗೇ ಆದರೆ ಅಲ್ಲಿದ್ದವಳು ಎರಡನೇ ಮೂಲೆಗೆ, ಆಮೇಲೆ ಮೂರಕ್ಕೆ. ಕೊನೆಗೆ ಹೊರಟ ಜಾಗಕ್ಕೆ ವಾಪಸು ಬಂದರೆ ಅವರಿಗೊಂದು ಓಟ.

"ಆ ಬ್ಯಾಟು ಎದುರಿಗಿರುವಷ್ಟು ಹೊತ್ತು ಆಚೆ ಎಸಿ. ತಾಗಲೇಬಾರದು," ಎಂದೆ.

"ಸೋಲ್ತೀವಲ್ಲ ಸಾರ್."

"ಸೋಲಿಗೆ ಹೊಲಿಗೆ ಹಾಕಬೇಕಾಗಿಲ್ಲ."

"ಸೆಲೆಕ್ಟರ್ ಮೇಡಂ ನೋಡ್ತಿರ್ತಾರೆ."

ನೋಡುತ್ತಿದ್ದರು. ವಿಭಾಗದ ತಂಡಕ್ಕೆ ಆರಿಸಲು ಬಂದಿದ್ದ ಹೆಂಗಸು, ಕಪ್ಪು ಕನ್ನಡಕ, ತೊಡೆಯ ಮೇಲೊಂದು ನೋಟುಬುಕ್ಕು, ಯಾರ ಜೊತೆಯೂ ಮಾತಿಲ್ಲ. ಹುಡುಗಿ ಅವರನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಏಟು ಬಿದ್ರೂ ಮುಗೀತು, ಹೀಗೆ ಎಸೆದ್ರೂ ಮುಗೀತು. ಅಲ್ವಾ ಸಾರ್," ಎಂದು ಹೇಳಿ ಮೈದಾನಕ್ಕೆ ಹೋದಳು.

ಎಸೆದಳು. ನಾಲ್ಕು ಚೆಂಡು, ಒಬ್ಬಳು ನಡೆದಳು. ಇನ್ನೂ ನಾಲ್ಕು, ಇನ್ನೊಬ್ಬಳು ನಡೆದಳು. ಮೂರು ಮೂಲೆಯೂ ತುಂಬಿತು, ಆಮೇಲೆ ಒಬ್ಬೊಬ್ಬರೇ ವಾಪಸು ಬರತೊಡಗಿದರು. ಯಾರೂ ಹೊಡೆಯಲಿಲ್ಲ, ಯಾರೂ ಓಡಲಿಲ್ಲ, ಯಾರೂ ಔಟಾಗಲಿಲ್ಲ. ಪ್ರೇಕ್ಷಕರು ಬಿಸಿಲಿಗೆ ಜರುಗಿ ಕೂತರು. ಹದಿನೈದು ಓಟವಾದಾಗ ಅಂಪೈರ್ ಗಡಿಯಾರ ನೋಡಿ ಪಂದ್ಯ ನಿಲ್ಲಿಸಿ ಅವರು ಗೆದ್ದರೆಂದು ಹಾಳೆಯಲ್ಲಿ ಬರೆದುಬಿಟ್ಟರು. ನಾವು ಬ್ಯಾಟು ಮುಟ್ಟಿಯೇ ಇರಲಿಲ್ಲ. ನಿಯಮದ ಪ್ರಕಾರ ಹಾಗೆ ನಿಲ್ಲಿಸುವಂತಿಲ್ಲ, ಊಟದ ಪ್ರಕಾರ ನಿಲ್ಲಿಸಬಹುದು.

ಹುಡುಗಿ ತಲೆ ತಗ್ಗಿಸಿ ಬಂದು ನನ್ನ ಪಕ್ಕ ನಿಂತಳು. ಸಮಾಧಾನ ಹೇಳಲು ನನಗೆ ಬರುವುದಿಲ್ಲ. ನೀರಿನ ಬಾಟಲಿ ಕೊಟ್ಟೆ.

ಕಪ್ಪು ಕನ್ನಡಕದ ಹೆಂಗಸು ನೋಟುಬುಕ್ಕಿನೊಂದಿಗೆ ನಮ್ಮ ಕಡೆಗೇ ಬಂದರು. "ಎಪ್ಪತ್ತೆರಡು ಚೆಂಡು ಎಸೆದ್ಲು," ಎಂದರು. "ನಿಮ್ಮ ಕ್ಯಾಚರ್ ಒಂದು ಸಲಾನೂ ಕೈ ಅಲ್ಲಾಡಿಸಲಿಲ್ಲ. ಎಪ್ಪತ್ತೆರಡೂ ಒಂದೇ ಜಾಗಕ್ಕೆ ಬಿತ್ತು. ಬೇಕೂಂತ ಎಸೆಸಿದ್ರಿ ಅಲ್ವಾ?"

ಹೌದು ಎಂದೆ. ಬ್ಯಾಟಿನ ಕಡೆ ಬೆರಳು ತೋರಿಸಿದೆ.

"ನಾನೂ ನೋಡಿದೆ ಆ ಬಿರುಕನ್ನ. ನಮ್ಮಲ್ಲಿ ಎಸೆಯೋರಿಗೂ ಮುಖವಾಡ ಇದೆ. ಅಪ್ಪನ ಸಹಿ ಹಾಕಿಸ್ಕೊಡಿ," ಎಂದು ಒಂದು ಒಪ್ಪಿಗೆ ಪತ್ರ ಕೊಟ್ಟು ಹೋದರು.

ಇನ್ನುಳಿದದ್ದು ಅಪ್ಪ. ಏನು ಹೇಳಿ ಒಪ್ಪಿಸುವುದೆಂದು ಯೋಚಿಸುತ್ತ ಹೋದೆ. ರೈಟರು ನಾನು ಬಾಯಿ ತೆರೆಯುವ ಮೊದಲೇ ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

"ಇಷ್ಟು ಚೆನ್ನಾಗಿ ಆಡ್ತಾಳೆ ಅಂತ ಗೊತ್ತಿರಲಿಲ್ಲ ಸಾರ್. ಒಬ್ಬಳಿಗಾದ್ರೂ ಮುಟ್ಟೋಕೆ ಆಯ್ತಾ? ಪಾಪ, ಬ್ಯಾಟು ಕೆಳಗಿಟ್ಟು ಮುಖ ಸಪ್ಪೆ ಮಾಡ್ಕೊಂಡು ಹೋಗಿ ಮೂಲೇಲಿ ನಿಂತ್ಕೊಳ್ತಿದ್ರು. ಆಮೇಲೆ ಒಬ್ಬೊಬ್ಬರನ್ನೇ ವಾಪಸ್ ಕಳಿಸಿದ್ಲು. ತಲೆ ಎಣಿಸೋದು ನನಗೆ ಅಭ್ಯಾಸ. ಸರಿಯಾಗಿ ಹದಿನೈದು."

ಹುಡುಗಿ ನನ್ನನ್ನು ನೋಡಿದಳು. ನಾನು ಪತ್ರದಲ್ಲಿ ಸಹಿ ಹಾಕುವ ಜಾಗ ತೋರಿಸಿದೆ. ಅವರು ಹಾಕಿದರು, ಕೆಳಗೆ ದಿನಾಂಕವನ್ನೂ.

ಗೆದ್ದ ತಂಡದವರು ಒಂದು ಚೆಂಡನ್ನೂ ಹೊಡೆಯದೆ ಗೆದ್ದ ಬೇಸರದಲ್ಲಿ ಮರದ ಕೆಳಗೆ ಸುಮ್ಮನೆ ಕೂತಿದ್ದರು. ರೈಟರಿಗೆ ಅದು ನೋಡಲಾಗಲಿಲ್ಲ. ತಡೆಯಬೇಕೆಂದು ನಾನು ಎರಡು ಹೆಜ್ಜೆ ಇಟ್ಟೆ, ಆಮೇಲೆ ಸಾಕೆನಿಸಿ ನಿಂತೆ. ಅವರು ಬಾಳೆಗೊನೆ ಹೊತ್ತುಕೊಂಡು ಹೋಗಿ ಒಬ್ಬೊಬ್ಬರಿಗೂ ಎರಡೆರಡು ಹಣ್ಣು ಕೊಟ್ಟು, ಕ್ಯಾಪ್ಟನ್ ಹುಡುಗಿಯ ತಲೆ ಸವರಿ ಹೇಳಿದರು:

"ಬೇಜಾರ್ ಮಾಡ್ಕೋಬೇಡಿ ಮಕ್ಕಳೇ. ಚೆನ್ನಾಗಿ ಪ್ರಾಕ್ಟೀಸ್ ಮಾಡಿ. ಮುಂದಿನ ವರ್ಷ ಒಂದಾದ್ರೂ ತಾಗ್ತದೆ."